ಹಾಲಿಗೊಂದು ಸಾಫ್ಟ್‌ವೇರ್

ಇಂಥವೆಲ್ಲ ನಮ್ಮ ಆಫೀಸನ್ನೇ ಹುಡುಕಿಕೊಂಡು ಬರುತ್ತವೋ, ಇಲ್ಲಾ ಎಲ್ಲ ಆಫೀಸುಗಳಲ್ಲೂ ನಡೆದು ಅಲ್ಲಿನವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿರುತ್ತಾರೋ, ನನಗಂತೂ ಗೊತ್ತಿಲ್ಲ. ನಮಗೆ ಕಾಪಾಡಿಕೊಳ್ಳುವಷ್ಟು ಮರ್ಯಾದೆ ಉಳಿದಿಲ್ಲ. ಆದ್ದರಿಂದ ಹೇಳಿಬಿಡುತ್ತೇನೆ.

ನಾನು ಬಂಗಾರಪೇಟೆಯವಳು, ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ವರ್ಷಗಟ್ಟಲೆ ಬೆಂಗಳೂರಿನ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತು, ಯಾರದೋ ಊಟದ ಡಬ್ಬಿಯ ಮೂಲೆಯನ್ನು ಪಕ್ಕೆಗೆ ಚುಚ್ಚಿಸಿಕೊಂಡು ಹೋಗಿ ಬಂದವಳು. ಅದೇ ಬೋಗಿಯಲ್ಲಿ ಅದೇ ಭಂಗಿಯಲ್ಲಿ ನಿಲ್ಲುತ್ತಿದ್ದವರೊಬ್ಬರು ಒಂದು ದಿನ ತಲೆ ಕೆಟ್ಟು ಕೆಲಸ ಬಿಟ್ಟರು. ಕೆ.ಜಿ.ಎಫ್.ನ ಕೋರಮಂಡಲ್‌ನಲ್ಲಿ, ಗಣಿ ಓಡುತ್ತಿದ್ದ ಕಾಲದ ಒಂದು ಹಳೇ ಮನೆ ಹಿಡಿದು ಸ್ವಂತ ಕಂಪನಿ ತೆರೆದರು. ಈಗ ಅವರೇ ನಮ್ಮ ಬಾಸ್. ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಊರಿಗೆ ಊರೇ ಬೆಂಗಳೂರಿನ ಗಾಡಿಗೆ ನುಗ್ಗುತ್ತಿರುವಾಗ ನಾನು ಕೆ.ಜಿ.ಎಫ್. ಹಾದು ಮಾರಿಕುಪ್ಪಂಗೆ ಹೋಗುವ ಗಾಡಿ ಹತ್ತಿ, ಕಿಟಕಿ ಪಕ್ಕ ಕಾಲು ಚಾಚಿ ಕೂರುತ್ತೇನೆ. ಎದುರಿನ ಗಾಡಿಯಲ್ಲಿ ನೇತಾಡುವವರನ್ನು ನೋಡಿ ಒಂದೊಂದು ದಿನ ಕೈ ಬೀಸುವುದೂ ಉಂಟು. ನನಗೆ ಇದಕ್ಕಿಂತ ದೊಡ್ಡ ಸುಖ ಬೇಕಿಲ್ಲ.

ಆ ಸುಖ ನಿಂತಿದ್ದದ್ದು ಒಬ್ಬ ಗಿರಾಕಿಯ ಮೇಲೆ. ಆಂಧ್ರದ ಗಡಿಯಲ್ಲಿ ಸ್ವಂತ ಡೈರಿ ಇಟ್ಟಿರುವ ಸಾಹುಕಾರರು ಅವರು. ರೈತರು ತಂದು ಹಾಕುವ ಹಾಲು ಎಷ್ಟು, ಎಂಥದ್ದು ಅನ್ನುವುದೆಲ್ಲ ಅವರವರ ಫೋನಿಗೆ ಮೆಸೇಜಾಗಿ ಹೋಗುವಂಥ ಸಾಫ್ಟ್‌ವೇರ್ ಬೇಕೆಂದು ನಮ್ಮಲ್ಲಿಗೆ ಬಂದರು. ಮೊದಲ ದಿನವೇ ತೆಲುಗು ಕನ್ನಡ ಎರಡನ್ನೂ ಕಲಸಿ ಹೇಳಿದ್ದರು: “ಚೂಡಯ್ಯಾ, ಡೆಮೋ ದಿನ ನಂಗೆ ಇಷ್ಟ ಆದ್ರೆ ತಗೋತೀನಿ. ಇಲ್ಲಾಂದ್ರೆ ಬೆಂಗಳೂರು ಕಂಪನಿಯೋರು ಬಾಗಿಲಲ್ಲೇ ನಿಂತವ್ರೆ.”

ಅವರು ಹೋದ ಮೇಲೆ ಬಾಸ್ ನಮ್ಮನ್ನೆಲ್ಲ ಕೂರಿಸಿಕೊಂಡರು. “ಇವರು ಬೇಡ ಅಂದ್ರೆ ಈ ಮನೆಗೆ ಬೀಗ. ಎಲ್ರೂ ಮತ್ತೆ ಅದೇ ರೈಲು.”

ನಮ್ಮನ್ನೆಲ್ಲ ಅಂದರೆ ಮೂರು ಜನ. ಒಬ್ಬಳು ನಾನು. ಒಬ್ಬ ಸರ್ವರ್ ನೋಡಿಕೊಳ್ಳುವವನು, ಕೋರಮಂಡಲ್‌ನವನೇ, ಗಣಿ ಕೆಲಸಗಾರರ ಮನೆಯ ಹುಡುಗ. ಇನ್ನೊಬ್ಬ ಬಂಗಾರಪೇಟೆ ಪಕ್ಕದ ಹಳ್ಳಿಯವನು, ಬೆಳಿಗ್ಗೆ ಹಾಲು ಕರೆದು ಆಮೇಲೆ ಕೋಡ್ ಬರೆಯುವವನು.

ನಿಂತುಕೊಂಡು ಮಾಡುವ ಮೀಟಿಂಗ್

ದೊಡ್ಡ ದೊಡ್ಡ ಕಂಪನಿಗಳಲ್ಲಿ ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡು ಮೀಟಿಂಗ್ ಮಾಡುತ್ತಾರಂತೆ. ಕಾಲು ನೋಯುವುದರಿಂದ ಮಾತು ಬೇಗ ಮುಗಿಯುತ್ತದಂತೆ. ಬಾಸ್ ಎಲ್ಲೋ ಓದಿಕೊಂಡು ಬಂದು ನಮ್ಮಲ್ಲೂ ಶುರು ಮಾಡಿದರು. ರೈಲಿನಲ್ಲಿ ಬೆಂಗಳೂರಿನವರೆಗೆ ನಿಂತು ಪಳಗಿದ ಕಾಲುಗಳು ಅಷ್ಟಕ್ಕೆಲ್ಲ ಎಲ್ಲಿ ನೋಯುತ್ತವೆ? ಮೀಟಿಂಗ್ ಗಂಟೆಗಟ್ಟಲೆ ಎಳೆಯತೊಡಗಿತು.

ಒಳಗೆ ಮೇಜುಗಳ ನಡುವೆ ನಿಲ್ಲಲು ಜಾಗವಿಲ್ಲದ್ದರಿಂದ ಅಂಗಳದಲ್ಲಿ ನಿಲ್ಲುತ್ತಿದ್ದೆವು. ಸುತ್ತಲೂ ನಿಂತು, ಕೈ ಕಟ್ಟಿಕೊಂಡು, ನೆಲ ನೋಡುತ್ತಾ, ಒಬ್ಬೊಬ್ಬರಾಗಿ ಸಣ್ಣ ದನಿಯಲ್ಲಿ ನಿನ್ನೆ ಏನು ಆಗಲಿಲ್ಲ ಅನ್ನುವುದನ್ನು ಹೇಳುವುದು. ಎರಡು ದಿನ ನೋಡಿದ ಪಕ್ಕದ ಮನೆಯ ತಮಿಳಿನ ಅಜ್ಜಿ, ನಾವೆಲ್ಲ ಪಾಟಿ ಅನ್ನುವವರು, ಮೂರನೇ ದಿನ ತಡೆಯಲಾರದೆ ಕಾಂಪೌಂಡ್ ಹತ್ತಿರ ಬಂದರು.

“ಯಾರ್ ಓಗ್ಬಿಟ್ಟಿದ್ದು?”

“ಯಾರೂ ಇಲ್ಲ ಪಾಟಿ, ಮೀಟಿಂಗು,” ಅಂದರು ಬಾಸ್.

“ಮೀಟಿಂಗ್‌ಗೆ ಇಂಗಾ ಮುಖ ಇಟ್ಕೊಳ್ಳೋದು?” ಪಾಟಿ ನಂಬಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಪಾಪ ಅಂತ ಒಳಗೆ ಹೋಗಿ ಒಂದು ದಬರಿ ಇಡ್ಲಿ, ಒಂದು ಜಗ್ಗು ಕಾಫಿ ತಂದಿಟ್ಟರು. ನಾವು ಒಂದು ಮಾತೂ ಆಡದೆ ತಿಂದೆವು. ಅಲ್ಲಿಗೆ ಬೀದಿಯವರಿಗೆಲ್ಲ ವಿಷಯ ಖಾತ್ರಿಯಾಯಿತು.

ಮಾರನೇ ದಿನ ಮೀಟಿಂಗ್ ನಡೆಯುತ್ತಿರುವಾಗ ತಮಟೆ ಬಾರಿಸುವವನೊಬ್ಬ ಹೆಗಲಿಗೆ ತಮಟೆ ಹಾಕಿಕೊಂಡೇ ಬಂದು, ನಮ್ಮ ಸುತ್ತಿನಲ್ಲಿ ಜಾಗ ಮಾಡಿಕೊಂಡು ನಿಂತ. ನಮ್ಮಷ್ಟೇ ಗಂಭೀರವಾಗಿ ಕೈ ಕಟ್ಟಿಕೊಂಡ. ಸರ್ವರ್‌ನವನು, “ನಿನ್ನೆ ಸಾಯಂಕಾಲದಿಂದ ಎದ್ದಿಲ್ಲ ಸಾರ್, ಏನ್ ಮಾಡಿದ್ರೂ ಎದ್ದಿಲ್ಲ,” ಅಂದ. ಹಳ್ಳಿಯವನು, “ಅದು ಎದ್ರೇನೇ ನಂದು ಮುಂದಕ್ಕೋಗೋದು,” ಅಂದ. ನಾನು, “ಡೆಮೋ ಹತ್ರ ಬಂತು, ಅಷ್ಟರಲ್ಲಿ ಏನಾಗುತ್ತೋ ಭಯ ಆಗ್ತಿದೆ,” ಅಂದೆ.

ತಮಟೆಯವನು ಎಲ್ಲವನ್ನೂ ಕೇಳಿಸಿಕೊಂಡ. ಬಾಸ್ ಹತ್ತಿರ ಹೋಗಿ ಮೆಲ್ಲಗೆ, “ಅಂಗಾದ್ರೆ ಇನ್ನಾ ಜೀವ ಐತೆ, ಅಲ್ಲೇನ್ ಸಾಮಿ?” ಅಂದ.

“ಇದೆ,” ಅಂದರು ಬಾಸ್, ಅವನು ಯಾರೆಂದು ಅರ್ಥವಾಗದೆ.

“ಸರಿ. ಆ ಡೆಮೋ ಆದ್ಮೇಲೆ ಫೋನ್ ಮಾಡಿ,” ಅಂತ ನಂಬರು ಕೊಟ್ಟು ಹೋದ.

ಆಯುಧಪೂಜೆ

ಪರೀಕ್ಷೆಗೆಂದು ಸಾಹುಕಾರರ ಒಂದು ಹಾಲಿನ ಕೇಂದ್ರ ಆಗಲೇ ನಮ್ಮ ಆಫೀಸಿನ ಸರ್ವರ್ ಮೇಲೆ ಓಡುತ್ತಿತ್ತು. ಆಯುಧಪೂಜೆ ಬಂತು. ಸರ್ವರ್‌ನವನು ಭಕ್ತಿಯಿಂದ ಸರ್ವರ್ ಆಫ್ ಮಾಡಿ, ಒರೆಸಿ, ವಿಭೂತಿಯ ಪಟ್ಟೆ ಎಳೆದು, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ ದೇವರ ಮುಂದೆ ಕೂರಿಸಿದ. ಪಕ್ಕದಲ್ಲಿ ಕೀಬೋರ್ಡು, ಮೌಸು, ಸ್ಕ್ರೂಡ್ರೈವರ್. ಮಂಗಳಾರತಿ ಆಯಿತು, ಕಡಲೆಪುರಿ ತಿಂದೆವು.

ಸಾಯಂಕಾಲ ಹಾಲು ಹಾಕುವ ಹೊತ್ತಿಗೆ ಸಾಹುಕಾರರ ಫೋನು. “ಏಮಯ್ಯಾ, ಇಲ್ಲಿ ಜನ ಕ್ಯಾನ್ ಇಟ್ಕೊಂಡು ನಿಂತವ್ರೆ, ಕಂಪ್ಯೂಟರಲ್ಲಿ ಏನೂ ಬರ್ತಿಲ್ಲ! ಹಬ್ಬ ಅಂತ ಹಸು ಹಾಲು ಕೊಡೋದು ಬಿಡ್ತದಾ? ಇನ್ನೊಂದ್ಸಲ ಇಂಗಾದ್ರೆ ಡೆಮೋನೂ ಬೇಡ, ಏನೂ ಬೇಡ.”

ಬಾಸ್ ಫೋನ್ ಇಟ್ಟು, “ಆನ್ ಮಾಡಪ್ಪಾ,” ಅಂದರು. ಸರ್ವರ್‌ನವನು ದೇವರಿಗೂ ಬಾಸ್‌ಗೂ ನಡುವೆ ಅಡ್ಡ ನಿಂತ.

“ಆಗಲ್ಲ ಸಾರ್. ಪೂಜೆಗಿಟ್ಟಿದ್ದನ್ನ ನಾಳೆ ಪೂಜೆ ಆಗೋ ತನ್ಕ ಮುಟ್ಟಂಗಿಲ್ಲ. ನಮ್ ತಾತ ಗಣಿಗಿಳಿಯೋರು, ಅವ್ರು ಸುತ್ತಿಗೇನೂ ಮುಟ್ತಿರ್ಲಿಲ್ಲ.”

“ನಾವೇನು ಗಣಿಗಿಳೀತೀವೇನೋ?”

“ಗಣಿಗಿಳಿದೋರು ಸಂಜೆ ಮೇಲಕ್ಕೆ ಬರ್ತಿದ್ರು ಸಾರ್. ಈ ಪ್ರಾಜೆಕ್ಟ್ ಒಳಕ್ಕೆ ಇಳಿದೋರು ಇನ್ನೂ ಯಾರೂ ಬಂದಿಲ್ಲ.”

ಆಗ ಹಳ್ಳಿಯವನ ಕಣ್ಣು ಮೂಲೆಗೆ ಬಿತ್ತು. ಅಲ್ಲೊಂದು ಹಳೇ ಕಂಪ್ಯೂಟರ್ ಇತ್ತು. ಅದರ ಮೇಲೆ ನೀರಿನ ಕ್ಯಾನ್ ಇಡುತ್ತಿದ್ದೆವು. ಅದೂ ಒಂದು ಆಯುಧ ಅಂತ ಯಾರಿಗೂ ಅನಿಸಿರಲಿಲ್ಲವಾದ್ದರಿಂದ ಅದಕ್ಕೆ ಕುಂಕುಮ ಬಿದ್ದಿರಲಿಲ್ಲ.

“ಇದನ್ನ ಮುಟ್ಬೋದೇನ್ಲಾ?” ಅಂದ.

ಸರ್ವರ್‌ನವನು ಯೋಚನೆ ಮಾಡಿ, “ಮುಟ್ಬೋದು,” ಅಂತ ಅಪ್ಪಣೆ ಕೊಟ್ಟ. ನೀರಿನ ಕ್ಯಾನ್ ಇಳಿಸಿ, ಇದ್ದಬದ್ದದ್ದನ್ನೆಲ್ಲ ಅದಕ್ಕೆ ತುಂಬಿ ಓಡಿಸಿದೆವು. ಹಾಲು ನಿರಾತಂಕವಾಗಿ ಹೋಯಿತು. ಮಾರನೇ ದಿನ ಪೂಜೆ ಮುಗಿಸಿ ಅಸಲಿ ಸರ್ವರ್ ಆನ್ ಮಾಡಿದರೆ ಅದು ಕೆಮ್ಮಿ ನಿಂತುಹೋಯಿತು. ವಿಭೂತಿಯೆಲ್ಲ ಒಳಗಿನ ಫ್ಯಾನಿಗೆ ಹೋಗಿತ್ತು.

ಹಳೇ ಕಂಪ್ಯೂಟರೇ ಗತಿಯಾಯಿತು. ಸರ್ವರ್‌ನವನು ಪಶ್ಚಾತ್ತಾಪದಿಂದ ಅದಕ್ಕೂ ಕುಂಕುಮ ಇಡಲು ಹೋದ. ಬಾಸ್ ಓಡಿಬಂದು ಕೈ ಹಿಡಿದರು. “ಬೇಡ ಕಣಪ್ಪಾ. ಇದು ಇನ್ನೂ ದೇವರ ಕಣ್ಣಿಗೆ ಬಿದ್ದಿಲ್ಲ. ಹೀಗೇ ಇರ್ಲಿ.”

ಗೌರಿಯ ವರದಿ

ಆನ್‌ಲೈನ್ ಮೀಟಿಂಗಿನಲ್ಲಿ ಯಾರು ಏನು ಹೇಳಿದರು ಅಂತ ತಾನೇ ಕೇಳಿಸಿಕೊಂಡು, ಚೊಕ್ಕಟವಾಗಿ ಬರೆದು, ಎಲ್ಲರಿಗೂ ಮೇಲ್ ಮಾಡುವ ಒಂದು ಉಪಕರಣವನ್ನು ಬಾಸ್ ಹಾಕಿಸಿದರು. ಕನ್ನಡವೂ ಬರುತ್ತದೆ ಅಂತ ಅದರ ಜಾಹೀರಾತು ಹೇಳಿತ್ತು. ಬರುತ್ತದೆ, ಸುಳ್ಳಲ್ಲ.

ಅವತ್ತು ಸಾಹುಕಾರರ ಜೊತೆ ಮೀಟಿಂಗು. ಡೆಮೋಗೆ ಏನೇನು ತಯಾರಾಗಿದೆ ಅಂತ ಅವರು ಕೇಳುವವರಿದ್ದರು, ಏನೂ ತಯಾರಾಗಿರಲಿಲ್ಲ. ಹಳ್ಳಿಯವನು ರಜೆ ಹಾಕದೆ ಮನೆಯಿಂದಲೇ ಸೇರಿಕೊಂಡಿದ್ದ. ಮನೆ ಅಂದರೆ ಕೊಟ್ಟಿಗೆ. ಫೋನನ್ನು ಜೇಬಿನಲ್ಲಿಟ್ಟುಕೊಂಡು ಹಾಲು ಕರೆಯಲು ಕೂತಿದ್ದ, ಮೈಕ್ ಮುಚ್ಚಿರಲಿಲ್ಲ. ಸಾಹುಕಾರರು, “ಹೂಂ, ಏಳಿ, ಎಲ್ಲೀ ತನ್ಕ ಬಂತು?” ಅಂದ ಹೊತ್ತಿಗೆ ಸರಿಯಾಗಿ ಅವನ ದನಿ ಮೊಳಗಿತು:

“ಅತ್ಲಾಗ್ ಸರ್ಕಳೇ ಗೌರಿ! ಬೆಳಿಗ್ಗೆಯಿಂದ ತಿನ್ನೋದೊಂದೇ ಕೆಲ್ಸ ನಿಂಗೆ, ಕೊಡೋದು ಮಾತ್ರ ಏನೂ ಇಲ್ಲ! ಮೇಲಾಗಿ ಒದೀತೀಯಾ? ಇಂಗೇ ಮಾಡ್ತಿರು, ಮುಂದಿನ ಸಂತೇಗೆ ಒಡ್ಕೊಂಡೋಗಿ ಮಾರ್ಬುಡ್ತೀನಿ!”

ಬಾಸ್ ಕಣ್ಣು ಮುಚ್ಚಿಕೊಂಡರು. ಆದರೆ ಸಾಹುಕಾರರ ಮುಖ ಅರಳಿತು. “ಕರು ಆಕಿ ಎಷ್ಟು ದಿನ ಆಯ್ತು? ಕೆಚ್ಚಲು ಗಟ್ಟಿಯಾಗೈತಾ?” ಅಂತ ಶುರು ಮಾಡಿದರು. ಮೀಟಿಂಗ್ ಪೂರ್ತಿ ಕೆಚ್ಚಲಿನ ಮೇಲೇ ನಡೆಯಿತು. ಬಿಸಿನೀರಿನ ಶಾಖ ಕೊಡಬೇಕು ಅಂದರು. ಸಾಫ್ಟ್‌ವೇರಿನ ಸುದ್ದಿಯೇ ಬರಲಿಲ್ಲವೆಂಬ ಸಂತೋಷಕ್ಕೆ ಬಾಸ್, “ಆ ಜವಾಬ್ದಾರಿ ನಂದು ಸಾರ್,” ಅಂದುಬಿಟ್ಟರು.

ಅರ್ಧ ಗಂಟೆಯಲ್ಲಿ ಉಪಕರಣದ ಮೇಲ್ ಬಂತು. “ತಂಡದ ಸದಸ್ಯೆ ಗೌರಿಯವರ ಬಗ್ಗೆ ತೀವ್ರ ಅಸಮಾಧಾನ ವ್ಯಕ್ತವಾಯಿತು. ಅವರು ಬೆಳಗಿನಿಂದ ಊಟ ಬಿಟ್ಟು ಬೇರೇನೂ ಮಾಡುತ್ತಿಲ್ಲ. ಸಹೋದ್ಯೋಗಿಗಳನ್ನು ಒದೆಯುತ್ತಾರೆ. ಸುಧಾರಿಸದಿದ್ದಲ್ಲಿ ಅವರನ್ನು ಸಂತೆಯಲ್ಲಿ ಮಾರಲಾಗುವುದು. ಅಲ್ಲಿಯವರೆಗೆ ಬಿಸಿನೀರಿನ ಶಾಖ ಕೊಡುವ ಜವಾಬ್ದಾರಿ ಬಾಸ್ ಅವರದು.”

ಈ ಮೇಲ್ ಸಾಹುಕಾರರ ಲಾಯರಿಗೂ ಹೋಗಿತ್ತು. ಮೀಟಿಂಗಿನಲ್ಲಿ ಇರದಿದ್ದ ಆ ಪುಣ್ಯಾತ್ಮ ಸಂಜೆಯೊಳಗೆ ಉತ್ತರ ಬರೆದರು: “ಸದರಿ ನೌಕರರನ್ನು ಕೆಲಸದಿಂದ ತೆಗೆಯಬಹುದು, ಮಾರಾಟ ಮಾಡುವಂತಿಲ್ಲ. ಶಾಖದ ವಿಷಯದಲ್ಲಿ ಅವರ ಲಿಖಿತ ಒಪ್ಪಿಗೆ ಪಡೆಯುವುದು.”

ಎಲ್ಲರದೂ ಸರಿ

ಈಗ ಎಲ್ಲ ಆಫೀಸಿನಲ್ಲೂ ಇರುವಂತೆ ನಮ್ಮಲ್ಲೂ ಒಂದು ಎ.ಐ. ಇದೆ. ಏನು ಕೇಳಿದರೂ ಹೇಳುತ್ತದೆ, ಕೋಡೂ ಬರೆಯುತ್ತದೆ. ಡೆಮೋಗೆ ವಾರವಿರುವಾಗ ಹಾಲಿನ ಫ್ಯಾಟು ನಾಲ್ಕೂವರೆ ಇರಬೇಕಾದಲ್ಲಿ ನಲವತ್ತೈದು ಅಂತ ತೋರಿಸತೊಡಗಿತು. ಹಾಗೇನಾದರೂ ಕರೆಯುವ ಹಸುವಿದ್ದರೆ ನೇರ ಬೆಣ್ಣೆಯನ್ನೇ ಕರೆಯಬಹುದಿತ್ತು.

ತಪ್ಪು ಹಳ್ಳಿಯವನ ಕೋಡಿನದು ಅಂತ ಸರ್ವರ್‌ನವನು, ಸರ್ವರಿನದು ಅಂತ ಹಳ್ಳಿಯವನು. ಇಬ್ಬರೂ ಎ.ಐ.ಯನ್ನು ಕೇಳಿದರು. ಅವನಿಗೆ, “ನಿಮ್ಮ ವಿಶ್ಲೇಷಣೆ ಅತ್ಯಂತ ಸರಿಯಾಗಿದೆ!” ಅಂತ ಬಂತು. ಇವನಿಗೂ ಅದೇ. ನಾನು ಸುಮ್ಮನಿರಲಾರದೆ, “ಇಬ್ಬರದೂ ತಪ್ಪಲ್ಲವೇ?” ಅಂತ ಕೇಳಿದೆ. “ಎಷ್ಟು ಸೂಕ್ಷ್ಮ ದೃಷ್ಟಿ! ಹೌದು, ಇಬ್ಬರದೂ ತಪ್ಪು,” ಅಂತು.

“ಇದನ್ನ ತಂದಿಡೋ ಬದ್ಲು ಒಬ್ಬ ಮದುವೆ ಬ್ರೋಕರ್‌ನ ಕೂರಿಸಬಹುದಿತ್ತು,” ಅಂತ ಬಾಸ್ ಸಿಡುಕಿದರು. “ಈ ತಿಂಗಳಿಗೇ ನಿಲ್ಲಿಸ್ತೀನಿ.”

ಮಧ್ಯಾಹ್ನದ ಹೊತ್ತಿಗೆ ಕಾರಣ ಸಿಕ್ಕಿತು. ಪರದೆ ಅಂದವಾಗಿ ಕಾಣಲಿ ಅಂತ ಸಂಖ್ಯೆಗಳ ನಡುವಿನ ಚುಕ್ಕಿಯನ್ನು ತೆಗೆದುಹಾಕಿದ್ದವರು ಬಾಸ್. ಅವರು ತಮ್ಮ ಕುರ್ಚಿಗೆ ಹೋಗಿ, ನಮಗೆ ಬೆನ್ನು ಮಾಡಿ, ಎ.ಐ.ಗೆ ಏನೋ ಬರೆದರು. ನಾನು ನೀರು ಕುಡಿಯುವ ನೆಪದಲ್ಲಿ ಹಿಂದೆ ಹೋಗಿ ನೋಡಿದೆ. “ಚುಕ್ಕಿ ತೆಗೆದಿದ್ದು ನನ್ನ ತಪ್ಪೇ?” ಅಂತ ಕೇಳಿದ್ದರು. “ಖಂಡಿತ ಇಲ್ಲ, ಸರಳತೆಯ ಬಗ್ಗೆ ನಿಮಗಿರುವ ಕಾಳಜಿ ಮೆಚ್ಚುವಂಥದ್ದು,” ಅಂತ ಉತ್ತರ ಬಂದಿತ್ತು.

ಅವತ್ತೇ ಅದರ ಚಂದಾ ಇನ್ನೊಂದು ವರ್ಷಕ್ಕೆ ಮುಂದುವರಿಯಿತು.

ಡೆಮೋ

ಕೊನೆಗೂ ಸಾಹುಕಾರರು ಬಿಳಿ ಷರ್ಟು, ಕಂಕುಳಲ್ಲಿ ಒಂದು ಚರ್ಮದ ಬ್ಯಾಗು ಸಮೇತ ಕೋರಮಂಡಲ್‌ಗೆ ಬಂದರು. ಹೇಗೋ ಎಲ್ಲವೂ ಓಡಿತು. ಚುಕ್ಕಿ ತನ್ನ ಜಾಗದಲ್ಲೇ ಇತ್ತು. ಎಲ್ಲ ನೋಡಿ ಅವರು ಗಲ್ಲ ಕೆರೆದುಕೊಂಡರು.

“ಅಂತಾ ಬಾಗುಂದಿ, ಎಲ್ಲಾ ಚೆನ್ನಾಗೈತೆ. ಆದ್ರೆ ನಮ್ ರೈತರು ಈ ಮೆಸೇಜ್ ಓದ್ತಾರಾ? ಬ್ಯಾಂಕಿಂದ ಬತ್ತೈತೆ, ಸಾಲ ಬೇಕಾ ಅಂತ ಬತ್ತೈತೆ, ಯಾವನೂ ತೆಗ್ದು ನೋಡಲ್ಲ. ಓದ್ದೇ ಇದ್ರೆ ಇದೆಲ್ಲ ಯಾಕಯ್ಯಾ?”

“ಒಂದು ಕಳಿಸಿ ತೋರಿಸ್ತೀವಿ ಸಾರ್,” ಅಂತ ಬಾಸ್ ನನ್ನ ಕಡೆ ನೋಡಿದರು. ನಂಬರು ಬೇಕು. ನನ್ನ ಬೆರಳು ತಾನಾಗಿ ದಿನಾ ಒತ್ತುವ ನಂಬರನ್ನೇ ಒತ್ತಿತು. ಅದು ನಮ್ಮ ಅತ್ತೆಯದು. ಪಟ್ಟಿಯಲ್ಲಿ ಮೊದಲಿದ್ದ ಮೆಸೇಜನ್ನೇ ಆರಿಸಿದೆ: “ನಿಮ್ಮ ಹಾಲಿನಲ್ಲಿ ನೀರು ಕಂಡುಬಂದಿದೆ. ಈ ದಿನದ ಹಾಲನ್ನು ತಿರಸ್ಕರಿಸಲಾಗಿದೆ.” ಕೆಳಗೆ ನಮ್ಮ ಆಫೀಸಿನ ಹೆಸರು.

“ಹೋಯ್ತು ಸಾರ್,” ಅಂದೆ.

“ಓಯ್ತು ಸರಿ. ಓದಿದ್ರಾ?”

ಅದನ್ನು ಹೇಗೆ ತೋರಿಸುವುದು? ಊಟ ತರಿಸಿದೆವು. ಸಾಹುಕಾರರು ನಿಧಾನವಾಗಿ ಉಂಡರು. ಬಾಸ್ ಅನ್ನವನ್ನು ಕಲಸಿದ್ದೇ ಕಲಸಿದ್ದು, ಬಾಯಿಗಿಡಲಿಲ್ಲ. ಊಟ ಮುಗಿಸಿ ಬ್ಯಾಗ್ ಎತ್ತಿಕೊಂಡು ಸಾಹುಕಾರರು, “ಆಲೋಚನೆ ಮಾಡಿ ಏಳ್ತೀನಿ,” ಅಂದರು. ಹಾಗಂದವರು ಮತ್ತೆ ಬಂದದ್ದನ್ನು ನಾವು ಯಾರೂ ನೋಡಿಲ್ಲ. ನನಗೆ ಆ ಬೆಂಗಳೂರಿನ ಗಾಡಿ, ಆ ಊಟದ ಡಬ್ಬಿಯ ಮೂಲೆ ಎಲ್ಲ ಕಣ್ಣಮುಂದೆ ಬಂದು ಅಳುವೇ ಬಂತು.

ಆಗ ಗೇಟಿನ ಹತ್ತಿರ ಆಟೋ ನಿಂತಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಹಾಲಿನ ಕ್ಯಾನ್ ಹಿಡಿದು, ಅತ್ತೆ ಇಳಿದರು.

ನಮ್ಮತ್ತೆ ಎರಡು ಹಸು ಕಟ್ಟಿಕೊಂಡು ಬಂಗಾರಪೇಟೆಯಲ್ಲಿ ನಮ್ಮ ಬೀದಿಯ ಮನೆಗಳಿಗೆ ಹಾಲು ಹಾಕುತ್ತಾರೆ. ಬೀದಿಯಲ್ಲಿ ಅವರ ಎದುರು ದನಿ ಎತ್ತುವವರು ಯಾರೂ ಇಲ್ಲ. ಮನೆಯಲ್ಲಿ ನಾನಂತೂ ಇಲ್ಲವೇ ಇಲ್ಲ.

“ಯಾವನ್ಲಾ ಅವ್ನು, ನನ್ನಾಲಲ್ಲಿ ನೀರೈತೆ ಅಂದೋನು?”

ಬಾಸ್ ಒಂದು ಹೆಜ್ಜೆ ಹಿಂದಕ್ಕೆ ಹೋದರು. ನಾನು ಎದ್ದು, “ಅತ್ತೇ, ಅದು ಸುಮ್ನೆ ಟೆಸ್ಟಿಂಗು...” ಅಂದೆ.

“ಟೆಸ್ಟಿಂಗಾ? ನಾನು ಯಾವ ಡೈರಿಗೂ ಆಲೇ ಆಕಲ್ಲ. ಆಕ್ದೇ ಇರೋ ಆಲಲ್ಲಿ ನೀರು ಎಂಗ್ ಸಿಕ್ತಮ್ಮಾ ನಿಮ್ಗೆ? ಮೆಡಿಕಲ್ ಸ್ಟೋರಿನೋನ್ ಕೈಲಿ ಓದಿಸ್ದೆ. ಆ ಮುಂಡೇದು ಬೀದಿಗೆಲ್ಲ ಕೇಳೋ ಅಂಗೆ ಓದ್ದ. ಎದುರು ಮನೆಯೋಳು ನಾಳೆಯಿಂದ ಬೇಡ ಅಂದ್ಲು!”

ಸಾಹುಕಾರರು ಎತ್ತಿಕೊಂಡಿದ್ದ ಬ್ಯಾಗನ್ನು ಮತ್ತೆ ಕೆಳಗಿಟ್ಟರು. “ಮೆಸೇಜ್ ಬಂದ ಎಷ್ಟೊತ್ತಿಗೆ ಓದಿಸಿದ್ರಮ್ಮಾ?”

“ಬಂದ ತಕ್ಷಣ! ಓದಿಸ್ದೋಳೆ ಬಸ್ ಅತ್ತಿದೆ. ಮಾನ ಓಗೋವಾಗ ಕಾಯ್ಕೊಂಡ್ ಕೂತ್ಕೋತಾರಾ?”

“ಓದ್ತಾರೆ,” ಅಂದರು ಸಾಹುಕಾರರು, ತಮಗೆ ತಾವೇ. ಬಾಸ್ ಅವತ್ತು ಮೊದಲ ಸಲ ಸರಿಯಾಗಿ ಉಸಿರಾಡಿದರು. ಅಷ್ಟಕ್ಕೇ ಮುಗಿದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಅತ್ತೆ ಕ್ಯಾನಿನ ಮುಚ್ಚಳ ತೆಗೆದರು.

“ನೋಡ್ಕಳ್ರಪ್ಪಾ! ಯಾವ ಪರೀಕ್ಷೆ ಬೇಕೋ ಮಾಡ್ಕಳಿ! ಒಂದು ತೊಟ್ಟು ನೀರಿದ್ರೆ ನನ್ನೆಸ್ರು ಬದಲಾಯಿಸ್ಕೊತೀನಿ!”

ಕಂಪ್ಯೂಟರ್ ಆಫೀಸಿನಲ್ಲಿ ಹಾಲು ಪರೀಕ್ಷೆ ಮಾಡಲು ಯಾರ ಹತ್ತಿರ ಏನಿರುತ್ತದೆ ಅನ್ನುವ ಧೈರ್ಯ ಅವರಿಗೆ. ಬಿಳಿ ಷರ್ಟಿನವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮನೆಯ ಕಾಫಿಗೆ ಬೇಕಾದ ಹಾಲನ್ನು ಮೊದಲು ಬೇರೆ ಎತ್ತಿಟ್ಟು, ಆಮೇಲೆ ಈ ಕ್ಯಾನು ನಲ್ಲಿಯ ಕಡೆಗೆ ಒಂದು ಸುತ್ತು ಹೋಗಿಬರುತ್ತದೆ ಅನ್ನುವುದೂ ಗೊತ್ತಿತ್ತು.

“ಅತ್ತೇ, ಮುಚ್ಚಿ, ಬೇಡ,” ಅಂದೆ.

“ನೀನ್ ಸುಮ್ಕಿರು!”

ಸಾಹುಕಾರರು ಬ್ಯಾಗಿನ ಜಿಪ್ ಎಳೆದು, ಬೇರೆಯವರು ಪೆನ್ ತೆಗೆಯುವಷ್ಟು ಸಲೀಸಾಗಿ, ಹಾಲಿಗೆ ಬೆರೆಸಿದ ನೀರನ್ನು ಪತ್ತೆ ಹಚ್ಚುವ ಗಾಜಿನ ಕಡ್ಡಿ, ಲ್ಯಾಕ್ಟೋಮೀಟರ್, ತೆಗೆದರು. ಅತ್ತೆಯ ಬಾಯಿ ನಿಂತಿತು. ನಾನು ಸೊಸೆಯಾಗಿ ಬಂದಲ್ಲಿಂದ ಅದನ್ನು ಅವತ್ತೇ ಕಂಡದ್ದು. ಒಂದು ಖಾಲಿ ಜಗ್ಗಿಗೆ ಹಾಲು ಸುರಿದು, ಕಡ್ಡಿಯನ್ನು ಒಳಗೆ ಬಿಟ್ಟರು. ಅದು ತೇಲಬೇಕಾದಷ್ಟು ತೇಲಲಿಲ್ಲ. ಆರಾಮಾಗಿ ಕೆಳಕ್ಕಿಳಿಯಿತು.

ಸಾಹುಕಾರರು ಅದನ್ನು ನೋಡಿದರು, ಅತ್ತೆಯನ್ನು ನೋಡಿದರು.

“ಕ್ಯಾನು ತೊಳ್ದಿದ್ದು... ಒಂಚೂರು ಉಳ್ಕೊಂಡಿರ್ಬೇಕು,” ಅಂದರು ಅತ್ತೆ.

ಸಾಹುಕಾರರಿಗೆ ಅದು ಕೇಳಿಸಲೇ ಇಲ್ಲ. ಸೀದಾ ನನ್ನ ಕಂಪ್ಯೂಟರ್ ಹತ್ತಿರ ಬಂದು ಅದರ ತಲೆ ಸವರಿ, “ಬೆಂಗಳೂರೋರ ಸಾಫ್ಟ್‌ವೇರು ಹಾಲು ನೋಡಿ ಏಳ್ತೈತೆ,” ಅಂದರು. “ನಿಮ್ದು ನೋಡೋಕ್ ಮುಂಚೇನೇ ಕಂಡಿಡೀತಲ್ಲಯ್ಯಾ!”

ಬಾಸ್ ಪ್ರಾಮಾಣಿಕರು. ವಿವರಿಸಲು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. ಸಾಹುಕಾರರು ಅವತ್ತೇ ಸಹಿ ಹಾಕಿದರು.

ಸಂಜೆಯ ಗಾಡಿಯಲ್ಲಿ ಅತ್ತೆಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟೆ. ಕಾಲ ನಡುವೆ ಕ್ಯಾನ್ ಇಟ್ಟುಕೊಂಡು ಹೊರಗೆ ನೋಡುತ್ತಾ ಕೂತರು. ಗಾಡಿ ಕೋರಮಂಡಲ್ ಬಿಟ್ಟ ಮೇಲೆ, “ಕೆಲ್ಸ ಉಳೀತಾ?” ಅಂದರು.

“ಉಳೀತು ಅತ್ತೆ. ನಿಮ್ಮಿಂದಾನೇ ಉಳಿದಿದ್ದು.”

“ಒಳ್ಳೇದಾಯ್ತು ಬಿಡು.” ಅಕ್ಕಪಕ್ಕ ಯಾರಾದರೂ ಕೇಳುತ್ತಿದ್ದಾರಾ ಅಂತ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು. “ಆ ಸಾಫ್ಟ್‌ವೇರು ಆಂಧ್ರದ ಕಡೀಕೇ ಇರ್ಲಿ. ಬಂಗಾರಪೇಟೆಗೆ ಮಾತ್ರ ತರ್ಬೇಡ ಕಣಮ್ಮಾ.”